ಬಾಮೈದನ ಕಂಪ್ಯೂಟರು ಹೂ ಕೊಡಲಿಲ್ಲ

ನನ್ನ ಬಾಮೈದನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅವನನ್ನು ಬಲ್ಲವರಲ್ಲಿ ಅರ್ಧ ಜನ ಅವನು ಕಿವುಡನೆಂದೂ, ಇನ್ನರ್ಧ ಜನ ಮೂಗನೆಂದೂ, ಉಳಿದವರು ಎರಡೂ ಎಂದೂ ನಂಬಿದ್ದರು! ಲೆಕ್ಕ ತಪ್ಪಿತು ಎನ್ನುವಿರಾ? ಅವನ ವಿಷಯದಲ್ಲಿ ಲೆಕ್ಕ ಸರಿಹೋದದ್ದು ಯಾವಾಗ! ನೀವು ಅವನನ್ನು ಏನೇ ಕೇಳಿ, ಉತ್ತರ ಸಿಕ್ಕೇ ಸಿಗುತ್ತದೆ. ಅದು ಈಗಲೋ, ಸಂಜೆಗೋ, ಬರುವ ಗುರುವಾರವೋ ಎಂಬುದು ಮಾತ್ರ ನೀವು ಕೇಳಿದ ಹೊತ್ತಿನಲ್ಲಿ ಅವನು ಏನು ಮಾಡುತ್ತಿದ್ದ ಎಂಬುದನ್ನು ಅವಲಂಬಿಸಿದೆ.

ಅವನು ನನ್ನ ಹೆಂಡತಿಯ ತಮ್ಮ. ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಒಂದು ಹೊತ್ತಿಗೆ ಒಂದೇ ಕೆಲಸ ಎಂಬುದು ಅವನ ವ್ರತ. ಮುಖಕ್ಷೌರ ಮಾಡಿಕೊಳ್ಳುವಾಗ ನೀವು "ಕಾಫಿ ಬೇಕೇನೋ?" ಎಂದು ಕೇಳಿದರೆ ಅವನ ರೆಪ್ಪೆಯೂ ಅಲ್ಲಾಡುವುದಿಲ್ಲ. ಕ್ಷೌರ ಮುಗಿಸಿ, ಬ್ಲೇಡು ತೊಳೆದು, ಬ್ರಷ್ಷು ಒದರಿ, ಕನ್ನಡಿ ಒರೆಸಿ, ಮೊಳೆಗೆ ತಗುಲಿಹಾಕಿ, ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು "ಹೂಂ, ಅರ್ಧ ಲೋಟ" ಎನ್ನುತ್ತಾನೆ. ಅಷ್ಟರಲ್ಲಿ ಅವನ ಪಾಲಿನ ಕಾಫಿಯನ್ನು ನಾನು ಕುಡಿದು ಲೋಟ ಬೋರಲು ಹಾಕಿ ಇಪ್ಪತ್ತು ನಿಮಿಷವಾಗಿರುತ್ತದೆ.

ನನಗೆ ಇದು ಸಹಿಸಲಾಗದ ಸಂಗತಿ. ಏಕೆಂದರೆ ನಾನು ಮೂವತ್ತನಾಲ್ಕು ವರ್ಷ ಸಣ್ಣ ಪುಟ್ಟ ರೈಲು ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ತರನಾಗಿ ದುಡಿದವನು. ಪಕ್ಕದ ನಿಲ್ದಾಣದವನು ಗಂಟೆ ಒತ್ತಿದರೆ ನಮ್ಮ ಕೋಣೆಯ ಯಂತ್ರದಲ್ಲಿ 'ಟಿಣ್' ಎನ್ನುತ್ತದೆ. ಆಗ ಬಾಯಲ್ಲಿ ತುತ್ತಿರಲಿ, ಕೈಯಲ್ಲಿ ಲೇಖನಿಯಿರಲಿ, ಮೊದಲು ತಿರುಗಿ 'ಟಿಣ್' ಎನ್ನಿಸಬೇಕು. 'ಕೇಳಿಸಿತು, ಇಲ್ಲಿದ್ದೇನೆ' ಎಂದಷ್ಟೇ ಅದರ ಅರ್ಥ. ಮಾಡುವ ಕೆಲಸ ಆಮೇಲೆ. ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿದ ಮೇಲೂ ನಾನು ಐದು ಹತ್ತಕ್ಕೆ ಏಳುವುದು, ಐದೂ ನಲವತ್ತಕ್ಕೆ ಹೊಳೆಯ ಕಡೆ ನಡೆಯುವುದು, ಏಳಕ್ಕೆ ತಿಂಡಿ. ಯಾರು ಕರೆದರೂ ಒಂದು ಉಸಿರಿನೊಳಗೆ ಓ ಎನ್ನುವುದು. ಇಂಥವನಿಗೆ ದೇವರು ಅಂಥ ಬಾಮೈದನನ್ನು ಕೊಟ್ಟ!

ಒಮ್ಮೆ ಅವನು ಕೆ.ಆರ್.ಪೇಟೆಯಲ್ಲಿ ಶೀಳನೆರೆಯ ಬಸ್ಸು ಹತ್ತಿದ. ಕಂಡಕ್ಟರು ಬಂದು "ಎಲ್ಲಿಗೆ ಸಾ?" ಎಂದಾಗ ಇವನು ತೊಡೆಯ ಮೇಲೆ ನೋಟ್ ಪುಸ್ತಕವಿಟ್ಟುಕೊಂಡು ಒಂದು ಪ್ರಮೇಯ ಸಾಧಿಸುತ್ತಿದ್ದ. ಕಂಡಕ್ಟರು ಎರಡು ಸಲ ಕೇಳಿ ಮುಂದೆ ಹೋದ. ಬಹಳ ಹೊತ್ತಿನ ಮೇಲೆ ಇವನು ಪುಸ್ತಕ ಮಡಚಿ "ಶೀಳನೆರೆ, ಒಂದು" ಎಂದನಂತೆ.

"ಶೀಳ್ನೆರೆ ಇಂದುಕ್ಕೋಗಿ ಅರ್ಧ ಗಂಟೆ ಆಯ್ತಲ್ಲ ಸಾ! ಬಾಯ್ ಬುಡ್ನಿಲ್ವಲ್ಲ, ಪಾಸ್ ಇಟ್ಕಂಡಿರೋರು ಅನ್ಕಂಡೆ."

"ಪಾಸಿಲ್ಲ. ಪ್ರಮೇಯ ಮುಗ್ದಿರಲಿಲ್ಲ."

"ಅದ್ಯಾವೂರೋ ಸಾ, ನಮ್ ರೂಟ್ನಾಗಿಲ್ಲ. ಇಳೀರಿ ಮತ್ತೆ!"

ಇದಕ್ಕಿಂತ ದೊಡ್ಡದು ಹೆಣ್ಣು ನೋಡಲು ಹೋದದ್ದು. ಹುಡುಗಿ ಬಂದಳು, ತಟ್ಟೆ ಇಟ್ಟಳು, ಕೂತಳು, ಎದ್ದು ಹೋದಳು. ಹುಡುಗಿಯ ತಂದೆ "ಏನಪ್ಪ, ಒಪ್ಪಿಗೆನಾ?" ಎಂದು ಕೇಳಿದರು. ಇವನು ಸೂರು ನೋಡುತ್ತಾ ಕೂತ. ನನ್ನ ಹೆಂಡತಿ ಮೊಣಕೈಯಲ್ಲಿ ತಿವಿದಳು. ಸೂರೇ ನೋಡಿದ! ಅವರಿಗೆ ಅವಮಾನವಾಗಿ ನಮ್ಮನ್ನು ಬೀದಿಯ ತನಕವೂ ಕಳಿಸಿಕೊಡಲಿಲ್ಲ. ನಾಲ್ಕನೆಯ ದಿನ ನಮ್ಮ ಬಚ್ಚಲಲ್ಲಿ ಕಾಲು ತೊಳೆಯುತ್ತಾ ಅವನು "ಒಪ್ಪಿಗೆ ಕಣಕ್ಕ" ಎಂದ.

"ಏನ್ಲಾ ಒಪ್ಪಿಗೆ?"

"ಮೊನ್ನೆ ನೋಡುದ್ವಲ್ಲ, ಆ ಹುಡುಗಿ."

ಆ ಹುಡುಗಿಗೆ ಹಿಂದಿನ ದಿನವೇ ಬೇರೆ ಕಡೆ ವೀಳ್ಯ ಬದಲಾಗಿತ್ತು. ಸೂರಿನ ತೊಲೆಗಳ ನಡುವಿನ ಅಂತರದಲ್ಲಿ ಅವನಿಗೆ ಏನೋ ಒಂದು ಶ್ರೇಢಿ ಕಂಡು, ಅದನ್ನು ತಲೆಯಲ್ಲಿ ಬಿಡಿಸುತ್ತಿದ್ದನಂತೆ. ಮತ್ತೆ ಅವನು ಹೆಣ್ಣು ನೋಡಲು ಹೋಗಲಿಲ್ಲ. ಇಂಥ ಮಹಾನುಭಾವ ನಮ್ಮ ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಗಂಡು ಹುಡುಕಲು ನಿಂತ ಎಂದರೆ ನಂಬುತ್ತೀರಾ?

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರು ನಮ್ಮ ಕಡೆ ಆಗತಾನೇ ಕಾಲಿಟ್ಟಿತ್ತು. ಬಾಮೈದ ಒಂದನ್ನು ತಂದು, ಮಂಚದ ಮೇಲೆ ಅದನ್ನು ಮಲಗಿಸಿ ತಾನು ನೆಲದ ಮೇಲೆ ಮಲಗಿ, ಆರು ತಿಂಗಳಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತ. ನಾಗಮಂಗಲದಲ್ಲಿ ನಮ್ಮವರದೊಂದು ವಧೂವರ ಕೇಂದ್ರವಿತ್ತು. ಭಾನುವಾರ ಭಾನುವಾರ ಛತ್ರದ ಒಂದು ಕೋಣೆಯಲ್ಲಿ ಜನ ಸೇರಿ ರಿಜಿಸ್ಟರು ತಿರುವುತ್ತಿದ್ದರು. ಅದರ ಅಧ್ಯಕ್ಷರಾಗಿದ್ದ ಗೌಡರು ಕೇಂದ್ರಕ್ಕೊಂದು ಕಂಪ್ಯೂಟರು ಕೊಂಡು, ಹುಡುಗಿಯ ಹೆಸರು ಒತ್ತಿದರೆ ಒಪ್ಪುವ ಹುಡುಗರ ಪಟ್ಟಿ ಬರುವಂತೆ ಮಾಡಿಕೊಡು ಎಂದು ಇವನನ್ನು ಕೇಳಿದರು. ಇವನು ಉತ್ತರ ಹೇಳಲಿಲ್ಲ. ಮುಂದಿನ ತಿಂಗಳು ಪ್ರೋಗ್ರಾಮನ್ನೇ ತೆಗೆದುಕೊಂಡು ಹೋದ.

ನನ್ನ ಹೆಂಡತಿ ನನಗೆ ಆಜ್ಞೆ ಮಾಡಿದಳು: "ಭಾನುವಾರ ನೀವೂ ಅವನ ಜೊತೇಲಿ ಹೋಗಿ. ಯಾರಾದ್ರೂ ಏನಾದ್ರೂ ಕೇಳಿದ್ರೆ ಓ ಅನ್ನೋಕೆ ಒಬ್ಬರು ಬೇಕು." ಹೀಗೆ ನಾನು ನಿವೃತ್ತಿಯ ನಂತರ ಒಂದು ಮನುಷ್ಯಯಂತ್ರಕ್ಕೆ ಗಂಟೆಯಾಗಿ ನೇಮಕಗೊಂಡೆ.

ಪ್ರೋಗ್ರಾಂ ಕೆಲಸ ಮಾಡುತ್ತಿತ್ತು. ಅದರಲ್ಲಿ ತಪ್ಪಿರಲಿಲ್ಲ. ಕುಲ, ನಕ್ಷತ್ರ, ಎತ್ತರ, ಓದು, ಊರಿನ ದೂರ ಎಲ್ಲವನ್ನೂ ಒಬ್ಬೊಬ್ಬ ಹುಡುಗನ ಜೊತೆ ತಾಳೆ ನೋಡುತ್ತಿತ್ತು. ಹುಡುಗರು ಸುಮಾರು ಎರಡು ಸಾವಿರ. ತೊಂದರೆ ಏನೆಂದರೆ, ಅದು ನೋಡಲು ತೊಡಗಿತೆಂದರೆ ಪರದೆ ಹೆಪ್ಪುಗಟ್ಟಿಬಿಡುತ್ತಿತ್ತು. ಒಂದು ಮರಳುಗಡಿಯಾರದ ಚಿತ್ರ ಬಂದು ನಿಲ್ಲುತ್ತಿತ್ತು. ಮೌಸು ಒತ್ತಿದರೆ ಇಲ್ಲ, ಕೀಲಿ ಒತ್ತಿದರೆ ಇಲ್ಲ. ಆಮೇಲೆ ಅವನು ನನಗೆ ವಿವರಿಸಿದ್ದು ಹೀಗೆ: ಪ್ರೋಗ್ರಾಮಿಗೆ ಎರಡು ಕೆಲಸ, ಒಳಗೆ ದುಡಿಯುವುದು ಮತ್ತು ಬಾಗಿಲಲ್ಲಿ ಬಂದವರನ್ನು ಮಾತಾಡಿಸುವುದು. ಎರಡಕ್ಕೂ ಒಬ್ಬನೇ ಆಳು. ಆಳು ಒಳಗೆ ಜಾತಕ ತಿರುವುತ್ತಾ ಕೂತರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಬಂದವರು ಕದ ಬಡಿದೇ ಬಡಿಯುತ್ತಾರೆ!

"ಇದನ್ನು ನಿನ್ನನ್ನೇ ನೋಡಿ ಮಾಡಿದಂತಿದೆ" ಎಂದೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಮೊದಲ ಭಾನುವಾರ ಹೇಗೋ ಕಳೆಯಿತು. ಬಂದವರೆಲ್ಲ ಷರತ್ತಿನ ಸರದಾರರು. ಹುಡುಗ ಸರ್ಕಾರಿ ನೌಕರನೇ ಆಗಬೇಕು, ಮೈಸೂರು ದಾಟಬಾರದು, ಐದಡಿ ಎಂಟಂಗುಲಕ್ಕೆ ಕಡಿಮೆ ಇರಬಾರದು, ಅತ್ತೆ ಇರಬಾರದು! ಇಷ್ಟೆಲ್ಲ ಇದ್ದರೆ ಜರಡಿಯಲ್ಲಿ ಉಳಿಯುವುದು ನಾಲ್ಕೇ ಕಾಳು. ಪಟ್ಟಿ ಅರ್ಧ ನಿಮಿಷದಲ್ಲಿ ಬಂತು.

ಎರಡನೆಯ ಭಾನುವಾರ ಬಿಂಡಿಗನವಿಲೆಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಪ್ರೈಮರಿ ಶಾಲೆಯಲ್ಲಿ ಟೀಚರು. ವಯಸ್ಸು ಇಪ್ಪತ್ತೆಂಟು. ತಂದೆ ತಾಯಿ ಇಲ್ಲ, ಅಜ್ಜಿ ಕುರಿ ಸಾಕಿ ಓದಿಸಿದ್ದು. ಅರ್ಜಿಯಲ್ಲಿ 'ನಿಮ್ಮ ಷರತ್ತುಗಳು' ಎಂಬಲ್ಲಿ ಅಜ್ಜಿ ಹೇಳಿ ಬರೆಸಿದ್ದರು: 'ಏನೂ ಇಲ್ಲ.' ಎತ್ತರ? ಏನೂ ಇಲ್ಲ. ದೂರ? ಏನೂ ಇಲ್ಲ. ಓದು? ಏನೂ ಇಲ್ಲ.

ಏನೂ ಕೇಳದವಳಿಗೆ ಏನಾಗಬೇಕು? ಜರಡಿಯೇ ಇಲ್ಲದ ಮೇಲೆ ಎರಡು ಸಾವಿರ ಹುಡುಗರನ್ನೂ ಒಬ್ಬೊಬ್ಬರಾಗಿ ತಾಳೆ ನೋಡಬೇಕು. ಬಾಮೈದ ಬಟನ್ ಒತ್ತಿದ. ಪರದೆ ನಿಂತಿತು. ಬಾಮೈದನೂ ನಿಂತ.

ನಾನು ಗಡಿಯಾರ ನೋಡಿದೆ. ಹನ್ನೊಂದು ಗಂಟೆ ಆರು ನಿಮಿಷ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮದುವೆಯೋ, ಮನೆ ಕಟ್ಟುವುದೋ, ಯಾವ ದೊಡ್ಡ ಕೆಲಸಕ್ಕೂ ದೇವರಲ್ಲಿ ಹೂ ಕೇಳುತ್ತೇವೆ. ದೇವಿಯ ಮೈಮೇಲೆ ಹೂ ಮೆತ್ತಿ, ಮುಂದೆ ಕೈಮುಗಿದು ಕೂರುವುದು. ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಬೀಳದೇ ಹೋದರೆ? ಅದಕ್ಕಿಂತ ಕೆಟ್ಟದ್ದಿಲ್ಲ. ದೇವಿ ಮುಖ ತಿರುಗಿಸಿದಳೆಂದೇ ಲೆಕ್ಕ.

ಕೋಣೆಯಲ್ಲಿದ್ದ ಹತ್ತಿಪ್ಪತ್ತು ಜನ ಹೂ ಕೇಳಲು ಕೂತವರಂತೆಯೇ ಕೂತಿದ್ದರು. ಒಂದಿಬ್ಬರು ಚಪ್ಪಲಿಯನ್ನೂ ಬಾಗಿಲಾಚೆ ಬಿಟ್ಟಿದ್ದರು. ಎರಡು ನಿಮಿಷವಾಯಿತು. ಮೂರಾಯಿತು.

"ಯಾಕಪ್ಪಾ, ಅಂಗೇ ನಿಂತ್ಕಬುಡ್ತು?" ಎಂದರು ಅಜ್ಜಿ.

ಬಾಮೈದನಿಗೆಲ್ಲಿ ಬಿಡುವು? ಅವನು ಮನಸ್ಸಿನಲ್ಲೇ ಪ್ರೋಗ್ರಾಮಿನ ಜೊತೆ ಹುಡುಗರನ್ನು ಎಣಿಸುತ್ತಿದ್ದ! ನಾನು "ನಡೀತಾ ಇದೆ ಅಜ್ಜಿ, ತಡೀರಿ" ಎಂದೆ. ಆದರೆ ಪೂಜಾರಿ ಸುಮ್ಮನಿರುವಾಗ ಪಕ್ಕದವನ ಮಾತು ಯಾರು ನಂಬುತ್ತಾರೆ? ಐದನೆಯ ನಿಮಿಷಕ್ಕೆ ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು: "ಹೂ ಕೊಡ್ನಿಲ್ಲ ಕಣ್ಲಾ." ಅಜ್ಜಿಗೆ ಅದು ಕೇಳಿಸಿತು. ಮೊಮ್ಮಗಳ ಕೈ ಹಿಡಿದು ಎದ್ದರು. "ಬಾವ್ವ ಓಗಾನ. ಇನ್ನೂ ಕುಂತಿದ್ರೆ ಏನೇನ್ ಕೇಳ್ಬೇಕೋ."

ಹನ್ನೊಂದು ಹದಿನಾಲ್ಕಕ್ಕೆ ಪರದೆ ಬೆಳಗಿತು. ನಲವತ್ತೊಂದು ಹುಡುಗರು! "ಬಂತು!" ಎಂದು ಬಾಮೈದ ತಿರುಗಿ ನೋಡಿದ. ಎದುರಿಗೆ ಖಾಲಿ ಬೆಂಚು.

ಬಸ್ಸಿನಲ್ಲಿ ಹೋದ ಸುದ್ದಿ ಬಸ್ಸಿಗಿಂತ ಮೊದಲೇ ಊರು ಸೇರಿತು. ಆ ಹುಡುಗಿಯ ಹೆಸರು ಕೇಳಿ ಕಂಪ್ಯೂಟರೇ ಕೈಕಾಲು ಬಿಟ್ಟಿತಂತೆ, ಪರದೆ ಕಪ್ಪಾಯಿತಂತೆ, ಮೂರನೆಯ ದಿನಕ್ಕೆ ಹೊಗೆಯೂ ಬಂದಿತ್ತಂತೆ! ಅಧ್ಯಕ್ಷ ಗೌಡರು ಫೋನು ಮಾಡಿ, "ಮೇಷ್ಟ್ರೇ, ಇನ್ನೊಂದ್ಸಲ ಇಂಗಾದ್ರೆ ಮಿಷಿನ್ನ ಮೂಟೆ ಕಟ್ಬುಡ್ತೀನಿ, ರಿಜಿಸ್ಟರೇ ಸಾಕು" ಎಂದರು. ಬಾಮೈದನಿಗೆ ಅಪಮಾನವೇನೂ ಆಗಲಿಲ್ಲ. "ಎಂಟು ನಿಮಿಷದಲ್ಲಿ ಸರಿಯಾದ ಉತ್ತರ ಬಂದಿದೆ ಭಾವ. ಕಾಯದೇ ಹೋದ್ರೆ ನಾನೇನ್ಮಾಡ್ಲಿ?" ಎಂದ. ಹೀಗೆಂದದ್ದು ನಾನು ಕೇಳಿದ ಎರಡು ದಿನಕ್ಕೆ.

ಮುಂದಿನ ಬುಧವಾರ ನಾನು ಪಾಂಡವಪುರದಲ್ಲಿ ಅವನ ಮನೆಯ ಜಗಲಿಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದೆ. ನಾಲ್ಕು ಹದಿನೈದಕ್ಕೆ ಆ ಟೀಚರು ಬಂದಳು. ಒಬ್ಬಳೇ ಬಂದಿದ್ದಳು, ಕೈಯಲ್ಲಿ ಶಾಲೆಯ ಚೀಲ. "ಸಾರ್ ಇದಾರಾ?" ಎಂದಳು. ಒಳಗೆ ಕಳಿಸಿದೆ. ನಾಲ್ಕು ಮೂವತ್ತೈದಕ್ಕೆ ಹೊರಗೆ ಬಂದಳು.

"ಮಾತಾಯ್ತೇನಮ್ಮ?"

"ಆಯ್ತು ಸಾರ್. ನಾನು ಮಾತಾಡ್ದೆ" ಎಂದಳು.

ಒಳಗೆ ಅವನು ಕಂಪ್ಯೂಟರಿನ ಮುಂದೆ ಕೂತಿದ್ದ. ಅವನ ಬೆನ್ನಿಗೇ ಹೇಳಬೇಕಾದ್ದನ್ನೆಲ್ಲ ಹೇಳಿ, ಇಪ್ಪತ್ತು ನಿಮಿಷ ನಿಂತು ಬಂದಿದ್ದಳು. ಅದನ್ನೇ ಜಗಲಿಯಲ್ಲಿ ನನಗೂ ಹೇಳಿದಳು. ಮೊದಲೇ ಮಾತುಕತೆ ನಡೆದಿದ್ದ ಒಂದು ಕಡೆಯವರು ಈಗ ಬೇಡ ಎಂದಿದ್ದಾರೆ. ಶಾಲೆಯಲ್ಲಿ ಜೊತೆಯ ಟೀಚರುಗಳು ಎದುರಿಗೆ ಬಂದರೆ ಮಾತು ನಿಲ್ಲಿಸುತ್ತಾರೆ. ಅಜ್ಜಿ ಊಟ ಬಿಟ್ಟಿದ್ದಾರೆ. "ನನ್ನ ಹೆಸರು ತೆಗೆದುಬಿಡಿ ಅಂತ ಹೇಳೋಕೆ ಬಂದೆ. ಮದುವೆ ಆಗದಿದ್ರೂ ಚಿಂತೆ ಇಲ್ಲ ಸಾರ್. ಇಂಥಾ ಹೆಸರು ಇಟ್ಕೊಂಡು ಅದೇ ಊರಲ್ಲಿ ಪಾಠ ಮಾಡೋದು ಕಷ್ಟ. ನಿಮ್ಮ ಮಿಷನ್ನು 'ತಡಿ, ನೋಡ್ತಿದ್ದೀನಿ' ಅಂತ ಒಂದು ಮಾತು ಅಂದಿದ್ರೆ ಸಾಕಾಗಿತ್ತು." ಅಳಲಿಲ್ಲ. ನಾಲ್ಕು ನಲವತ್ತರ ಬಸ್ಸಿದೆ ಎಂದು ಹೊರಟುಹೋದಳು.

ಐದೂ ಎರಡಕ್ಕೆ ಬಾಮೈದ ಜಗಲಿಗೆ ಬಂದು, ಖಾಲಿ ಕಟ್ಟೆಯನ್ನು ನೋಡುತ್ತಾ, "ಕೂತ್ಕೊಳಮ್ಮ. ಹೆಸ್ರು ಯಾಕೆ ತೆಗೀಬೇಕು?" ಎಂದ.

ನನಗೆ ಸಿಟ್ಟು ಬರುವುದು ಅಪರೂಪ. ಅದಕ್ಕೂ ನಾನು ಹೊತ್ತು ಗೊತ್ತು ಮಾಡಿಕೊಂಡವನು. ಆ ದಿನ ಬಂತು.

"ಲೇ, ಆ ಹುಡುಗಿ ಹೋಗಿ ಇಪ್ಪತ್ತೆರಡು ನಿಮಿಷ ಆಯ್ತು ಕಣ್ಲಾ! ಆವತ್ತು ಮಿಷಿನ್ನು ಅವಳಿಗೆ ಏನು ಮಾಡ್ತೋ ಇವತ್ತು ನೀನೂ ಅದನ್ನೇ ಮಾಡ್ದೆ. ಪಕ್ಕದ ಸ್ಟೇಷನ್ನೋನು ಗಂಟೆ ಹೊಡೆದಾಗ ನಾನು ರಿಜಿಸ್ಟರ್ ಬರೆದು ಮುಗಿಸ್ತೀನಿ ಅಂತ ಕೂತಿದ್ರೆ ಏನಾಗ್ತಿತ್ತು? ಅವನು ನಾನು ಸತ್ತೆ ಅಂತ ತಿಳ್ಕೊಳ್ತಿದ್ದ. ಅವನದೇನು ತಪ್ಪು? ಸುಮ್ಮನಿರೋನಿಗೂ ಸತ್ತೋನಿಗೂ ದೂರದಿಂದ ಯಾವ ವ್ಯತ್ಯಾಸ ಇದೆ?"

ಅವನು ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಓಡಿದ. ನಿಂತ. ವಾಪಸು ಬಂದು ಕಟ್ಟೆಯ ಮೇಲೆ ಕೂತ. ಈ ಸಲ ಅವನ ತಲೆಯಲ್ಲಿ ಶ್ರೇಢಿ ಓಡುತ್ತಿರಲಿಲ್ಲ ಎಂದು ನನ್ನ ಊಹೆ.

ಮಾರನೆಯ ದಿನದಿಂದ ರಿಪೇರಿ ಶುರುವಾಯಿತು. ಕೆಲಸವನ್ನು ಅವನು ತುಂಡು ತುಂಡು ಮಾಡಿದ. ಐವತ್ತು ಹುಡುಗರನ್ನು ನೋಡುವುದು, ಒಮ್ಮೆ ಬಾಗಿಲಿಗೆ ಬಂದು ಇಣುಕುವುದು, ಯಾರಾದರೂ ಕದ ತಟ್ಟಿದ್ದರೆ ಓ ಎನ್ನುವುದು, ಮತ್ತೆ ಒಳಗೆ ಹೋಗುವುದು. ಪರೀಕ್ಷೆಗೆ ನನ್ನ ಹೆಂಡತಿಯನ್ನು ಕೂರಿಸಿದೆವು. ಅವಳು ತಮ್ಮನಿಗೆಂದು ಹುರುಳಿ ಬಸ್ಸಾರು ತಂದಿದ್ದವಳು, ಕೂತಲ್ಲಿ ಬೇಸರವಾಗಿ ಬಟನ್ನನ್ನು ಒತ್ತಿದಳು. ಏನೂ ಬರಲಿಲ್ಲ ಎಂದು ಮತ್ತೆ ಒತ್ತಿದಳು. ಹೀಗೆ ಹನ್ನೊಂದು ಸಲ! ಪ್ರೋಗ್ರಾಂ ಈಗ ವಿಧೇಯ ಆಳು. ಒತ್ತಿದಾಗಲೆಲ್ಲ "ಆಗಲಿ ಅಮ್ಮ" ಎಂದು ಇದ್ದ ಕೆಲಸವನ್ನು ಅರ್ಧಕ್ಕೆ ಇಟ್ಟು ಮೊದಲಿನಿಂದ ಹೊಸದಾಗಿ ಶುರು ಮಾಡಿ, ಆಮೇಲೆ ಇಟ್ಟದ್ದನ್ನೂ ಬಿಡದೆ ಮುಗಿಸಿತು. ಕೊನೆಗೆ ಪಟ್ಟಿ ಬಂದಾಗ ಪಟ್ಟಿಯ ತುಂಬ ಒಬ್ಬೊಬ್ಬ ಹುಡುಗ ಹನ್ನೊಂದು ಸಲ!

"ಏನ್ಲಾ ಇದು, ದ್ರೌಪದಿಗೇ ಐದು ಜನ!" ಎಂದಳು ನನ್ನ ಹೆಂಡತಿ.

ಇಲ್ಲಿ ನನ್ನ ಇಲಾಖೆಯ ವಿದ್ಯೆ ಕೆಲಸಕ್ಕೆ ಬಂತು. ಒಂದೇ ಹಳಿಯ ದಾರಿಯಲ್ಲಿ ರೈಲು ಬಿಡಬೇಕಾದರೆ ಯಂತ್ರದಿಂದ ಟೋಕನ್ ಎಂಬ ಉಕ್ಕಿನ ಗುಂಡನ್ನು ತೆಗೆದು ಡ್ರೈವರನಿಗೆ ಕೊಡುತ್ತೇವೆ. ಅದು ಮುಂದಿನ ನಿಲ್ದಾಣ ಮುಟ್ಟುವ ತನಕ ಯಂತ್ರ ಇನ್ನೊಂದು ಗುಂಡನ್ನು ಬಿಡುವುದಿಲ್ಲ. ಮಂತ್ರಿ ಬಂದು ಎಳೆದರೂ ಬಿಡುವುದಿಲ್ಲ! ಇದನ್ನು ಹೇಳಿದೆ. ಬಾಮೈದ ಕೇಳುತ್ತಿದ್ದಂತೆಯೇ, ಕೈಯಲ್ಲಿ ಮುದ್ದೆಯ ತುತ್ತು ಹಿಡಿದುಕೊಂಡೇ, "ಸರಿ ಭಾವ" ಎಂದ! ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅಂದಿನಿಂದ ಕೆಲಸ ನಡೆಯುವಾಗ ಆ ಬಟನ್ನು ಮಂಕಾಗಿ ಮಲಗಿತು. ಅದರ ಪಕ್ಕದಲ್ಲಿ 'ಸಾಕು' ಎಂಬ ಬೇರೊಂದು ಬಟನ್ನು ಎದ್ದಿತು.

ಉಳಿದದ್ದು ಒಂದೇ. ಎಂಟು ನಿಮಿಷ ಜನ ಕೂರುವಂತೆ ಏನು ತೋರಿಸಬೇಕು? ಲೆಕ್ಕದ ಮೇಷ್ಟ್ರು ಮೊದಲು ತೋರಿಸಿದ್ದು ನೂರಕ್ಕೆ ಎಷ್ಟು ಮುಗಿಯಿತೆಂಬ, '೩೭.೪೨' ಎಂಬಂಥ ಅಂಕಿ. ನನ್ನ ಹೆಂಡತಿ, "ಇದು ಜ್ವರವೇನೋ? ನೂರಾ ಮೂರು ದಾಟ್ಬಿಟ್ರೆ ಹುಡುಗಿಯೋರು ಎದ್ದೋಡ್ತಾರೆ" ಎಂದಳು. ಆಮೇಲೆ ಅವಳೇ ಅವನನ್ನೂ ನನ್ನನ್ನೂ ಹತ್ತಿರದ ಒಂದು ಹಳ್ಳಿಯ ಅಮ್ಮನ ಗುಡಿಗೆ ಕರೆದುಕೊಂಡು ಹೋದಳು. "ಹೂ ಕಾಯೋದು ಅಂದ್ರೇನು ಅಂತ ಮೊದ್ಲು ನೋಡು."

ಅಲ್ಲಿ ಒಂದು ಕುಟುಂಬ ಹೂ ಕೇಳಲು ಕೂತಿತ್ತು. ಹೂ ಬೀಳಲಿಲ್ಲ. ಪೂಜಾರಿ ಒಂದು ಕ್ಷಣ ಸುಮ್ಮನಿರಲಿಲ್ಲ. ಗಂಟೆ ಆಡಿಸಿದ. ತೀರ್ಥ ಚಿಮುಕಿಸಿದ. "ತಡೀರವ್ವಾ, ಅಮ್ಮ ಯೋಚ್ನೆ ಮಾಡ್ತಾವ್ಳೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ ತಾತುನ್ ಕಾಲ್ದಿಂದ ನೋಡ್ಕಂಡ್ ಬತ್ತಾವ್ಳೆ, ಒತ್ತಾಯ್ತದೆ" ಎಂದ. ಆಮೇಲೆ, "ಓ, ಅಳ್ಳಾಡ್ತು ಅಳ್ಳಾಡ್ತು!" ಎಂದ. ಒಬ್ಬರೂ ಏಳಲಿಲ್ಲ. ಹೂ ಬಿದ್ದಾಗ ನನ್ನ ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷವಾಗಿತ್ತು.

"ಇಪ್ಪತ್ತಾರು ನಿಮಿಷ ಭಾವ! ನಮ್ಮದು ಬರೀ ಎಂಟು!" ಎಂದು ಬಾಮೈದ ಗುಡಿಯ ಮೆಟ್ಟಿಲ ಮೇಲೆಯೇ ಕುಣಿಯುವುದೊಂದು ಬಾಕಿ.

ಅಂಕಿ ಹೋಯಿತು. ಅದರ ಜಾಗದಲ್ಲಿ ಊರು ಬಂತು. ಯಾವ ಊರಿನ ಹುಡುಗರನ್ನು ನೋಡುತ್ತಿದೆಯೋ ಆ ಊರಿನ ಹೆಸರು ಪರದೆಯ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ. 'ಈಗ ಶೀಳನೆರೆಯಲ್ಲಿ ನೋಡುತ್ತಿದ್ದೇನೆ. ಇಬ್ಬರು ಸಿಕ್ಕಿದ್ದಾರೆ. ಮುಂದೆ ಕೆ.ಆರ್.ಪೇಟೆ.' ಕೆಳಗೆ ಒಂದು ಹಸಿರು ಪಟ್ಟಿ, ರೈಲಿನಂತೆ ಎಡದಿಂದ ಬಲಕ್ಕೆ. ಇದೆಲ್ಲ ಹೇಳಿಕೊಂಡು ಮಾಡುವುದರಿಂದ ಎಂಟು ನಿಮಿಷದ ಕೆಲಸ ಹತ್ತಾಯಿತು. ಆ ಎರಡು ನಿಮಿಷಕ್ಕಾಗಿ ಅವನು ಒಂದು ವಾರ ಸೂತಕದವನಂತೆ ಇದ್ದ. ಆಮೇಲೆ ತಾನಾಗಿಯೇ ಮೂರನೆಯದೊಂದು ಬಟನ್ನು ಇಟ್ಟ. ಅದರ ಮೇಲೆ 'ಒಂದು ಮಾತಿದೆ' ಎಂದು ಬರೆದ.

"ಇದೇನ್ಲಾ?" ಎಂದೆ.

"ಕೆಲ್ಸದ ಮಧ್ಯೆ ಬಾಗ್ಲಿಗೆ ಬಂದೇ ಬರ್ತೀವಲ್ಲ ಭಾವ. ಬಂದೋರ್ನ ಏನಾದ್ರೂ ಹೇಳೋದಿದ್ಯಾ ಅಂತ ಕೇಳುದ್ರೆ ಗಂಟೇನು ಹೋಗುತ್ತೆ?"

ಅಜ್ಜಿಯನ್ನು ಕರೆಯಲು ಬಿಂಡಿಗನವಿಲೆಗೆ ಅವನೇ ಹೋದ. ನಾನು ಜೊತೆಗೆ ಹೋದೆ, ಓ ಎನ್ನಲು. ಅಜ್ಜಿ ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ಬಾಮೈದ ನಿಂತುಕೊಂಡು, "ತಪ್ಪಾಯ್ತಜ್ಜಿ. ನಿಮ್ಮ ಮೊಮ್ಮಗಳದ್ದೇನೂ ದೋಷ ಇಲ್ಲ. ನನ್ನ ಪ್ರೋಗ್ರಾಮಿಂದು ದೋಷ. ಬರೋ ಭಾನುವಾರ ಎಲ್ಲಾರ ಮುಂದೇನೂ ಇನ್ನೊಂದ್ಸಲ ನೋಡೋಣ" ಎಂದ. ಅಜ್ಜಿ ಮೊರ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಒಂದು ಮೊರ ಮುಗಿಯಿತು, ಎರಡು ಮುಗಿಯಿತು, ಮೂರು. ಬಾಮೈದ ಬಿಸಿಲಲ್ಲಿ ನಿಂತೇ ಇದ್ದ. ಕಾಯುವುದು ಎಂದರೆ ಏನೆಂದು ಅವನಿಗೆ ಯಾರಾದರೂ ಪಾಠ ಹೇಳಬೇಕಿತ್ತು. ಅಜ್ಜಿ ಹೇಳಿದರು, ಬಾಯಿ ತೆರೆಯದೆ!

ಕೊನೆಗೆ ಮೊರ ಕೆಳಗಿಟ್ಟು, "ಆವತ್ತೂ ಎಲ್ಲಾರ್ ಮುಂದ್ಲೇ ಆಗಿದ್ದು. ಇನ್ನೊಂದ್ಸಲ ನಿಂತ್ಕಬುಟ್ರೆ ನನ್ ಮಗ ಎಲ್ಲಿಗ್ ಓಗ್ಬೇಕ್ಲಾ, ಹೊಳೆಗಾ?" ಎಂದರು. ಮೊಮ್ಮಗಳನ್ನು ಅವರು ಮಗ ಎಂದೇ ಕರೆಯುತ್ತಿದ್ದರು.

ಇವನು ತಡಮಾಡದೆ, "ನಿಂತ್ರೆ ನಾನು ಇನ್ಯಾವತ್ತೂ ಕಂಪ್ಯೂಟರ್ ಮುಟ್ಟಲ್ಲ ಅಜ್ಜಿ" ಎಂದ. ಒಳಗಿನಿಂದ ಹುಡುಗಿಯ ದನಿ ಬಂತು: "ಹೋಗೋಣ ಅಜ್ಜಿ. ನಾನೂ ನೋಡ್ಬೇಕು."

ಆ ಭಾನುವಾರ ಛತ್ರದ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಗಂಡು ಹೆಣ್ಣು ಹುಡುಕಲು ಬಂದವರು ಕಾಲು ಭಾಗ, ಹುಡುಗಿಯ ಹೆಸರಿಗೆ ಕಂಪ್ಯೂಟರು ಸಾಯುವುದನ್ನು ನೋಡಲು ಬಂದವರು ಮುಕ್ಕಾಲು ಭಾಗ. ಗೌಡರು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೂತಿದ್ದರು. ಬಾಮೈದ ಹೆಸರು ಹಾಕಿದ. ಬಟನ್ ಒತ್ತಿದ. ಹತ್ತು ಗಂಟೆ ನಲವತ್ತು ನಿಮಿಷ.

'ಬಿಂಡಿಗನವಿಲೆಯಿಂದ ಹೊರಟಿದ್ದೇನೆ.'

ಕೋಣೆ ಒಮ್ಮೆ ಉಸಿರು ಬಿಟ್ಟಿತು. ಹಸಿರು ಪಟ್ಟಿ ಹರಿಯಿತು. ನಾಗಮಂಗಲದ ಅಕ್ಕಪಕ್ಕದ ಹಳ್ಳಿಗಳು ಒಂದೊಂದೇ ಬಂದವು, ಹೋದವು. ಮೂರನೆಯ ನಿಮಿಷಕ್ಕೆ ಜನ ಬಸ್ಸಿನಲ್ಲಿ ಕೂತವರಂತಾಗಿದ್ದರು.

"ಏ ಏ, ಅದು ನಮ್ಮ ಬಾವನೂರು! ನಿಲ್ಸ್ಲಾ!"

"ಆ ಊರ್ಗೆ ಹೆಣ್ ಕೊಟ್ರೆ ಉಪ್ಪುನೀರೇ ಗತಿ. ಮುಂದುಕ್ಕೋಗ್ಲಿ."

"ಓ, ಪಾಂಡವಪುರ ಬಂತು. ಇಳಿಯೋರು ಇಳ್ಕಳಿ!"

ಅಜ್ಜಿ ಮಾತ್ರ ಬಾಗಿಲ ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರು. ಪಕ್ಕದವಳು ಒಬ್ಬಳು ಪ್ರತಿ ಊರನ್ನೂ ಅವರ ಕಿವಿಯಲ್ಲಿ ಹೇಳುತ್ತಿದ್ದಳು.

ಆರನೆಯ ನಿಮಿಷದಲ್ಲಿ ಹುಡುಗಿ ಎದ್ದು ಮೇಜಿನ ಬಳಿಗೆ ಬಂದಳು. ಪರದೆಯನ್ನು ಓದಿದಳು. ಕೈ ಚಾಚಿ, ಮೌಸು ಹಿಡಿದು, 'ಒಂದು ಮಾತಿದೆ' ಎಂಬುದನ್ನು ಒತ್ತಿದಳು.

ಹಸಿರು ಪಟ್ಟಿ ನಿಂತಿತು. ಹಿಂದಿನ ಬೆಂಚಿನವರು "ಹಾ!" ಎಂದರು. ಅಜ್ಜಿ ಕಣ್ಣು ಬಿಟ್ಟರು. ಪರದೆಯ ಮೇಲೆ ಅಕ್ಷರ ಮೂಡಿತು: 'ಹೇಳಿ, ಕೇಳುತ್ತಿದ್ದೇನೆ.'

ಬಾಮೈದ ಕುರ್ಚಿ ಬಿಟ್ಟು ಎದ್ದ. "ಕೂತ್ಕೊಂಡು ಬರೀ ತಾಯಿ" ಎಂದ. ಅವಳು ಒಂದೊಂದೇ ಕೀಲಿ ಹುಡುಕಿ ಬರೆದಳು. ಕೋಣೆಯೆಲ್ಲ ಅವಳ ಬೆರಳನ್ನೇ ನೋಡುತ್ತಿತ್ತು. ಬರೆದದ್ದು ಇಷ್ಟು: 'ಮದುವೆಯಾದ ಮೇಲೂ ನಾನು ಶಾಲೆಗೆ ಹೋಗಬೇಕು. ಅಜ್ಜಿ ನನ್ನ ಜೊತೆಯಲ್ಲಿ ಇರಬೇಕು.'

ಪಕ್ಕದವಳು ಅದನ್ನು ಓದಿ ಹೇಳಿದಾಗ ಅಜ್ಜಿ ಎದ್ದೇ ಬಿಟ್ಟರು. "ಇದೇನೇ ಮಗ, ಇಂಗೆ ಅಂತ ಮೊದ್ಲೇ ಯೋಳ್ಬಾರ್ದಾಗಿತ್ತಾ? ಏನೂ ಇಲ್ಲ ಅಂತ ನಾನು ಬರುಸ್ದಾಗ ಸುಮ್ಕೆ ಕುಂತಿದ್ದೆ!"

"ಯಾರು ಕೇಳಿದ್ರಜ್ಜಿ?" ಎಂದಳು ಹುಡುಗಿ. "ಈಗ ತಾನೆ ಇದು ಕೇಳ್ತು."

ಗೌಡರು ರಿಜಿಸ್ಟರನ್ನು ಕಂಕುಳಿನಿಂದ ತೆಗೆದು ಕಿಟಕಿಯ ಮೇಲಿಟ್ಟರು. ಆಮೇಲಿನದು ಸಾಮಾನ್ಯ ಸಂಗತಿ. ಆ ಎರಡು ಮಾತಿಗೆ ಪ್ರೋಗ್ರಾಮಿನಲ್ಲಿ ಕಾಲಂ ಇರಲಿಲ್ಲ. ಉಳಿದ ಊರುಗಳನ್ನು ಮುಗಿಸಿ ಬಂದ ನಲವತ್ತೊಂದು ಹೆಸರಿನ ಪಟ್ಟಿ ಹಿಡಿದುಕೊಂಡು ಗೌಡರೂ ನಾನೂ ಆ ವಾರವೆಲ್ಲ ಫೋನು ಮಾಡಿ ಕೇಳಿದೆವು. ಏಳು ಮನೆಯವರು ಆಗಲಿ ಎಂದರು. ಅದರಲ್ಲಿ ಕೆ.ಆರ್.ಪೇಟೆಯ ಕಡೆಯ ಒಬ್ಬ ಹುಡುಗ ಬಿಂಡಿಗನವಿಲೆಗೆ ಬಂದು, ಹುಡುಗಿಯ ಜೊತೆ ಅಜ್ಜಿಯನ್ನೂ ಕುರಿಗಳನ್ನೂ ನೋಡಿ, ಎಲ್ಲವನ್ನೂ ಒಪ್ಪಿಕೊಂಡ.

ಬಾಮೈದ ಅದಕ್ಕೆ ಸಂಭ್ರಮಪಡಲಿಲ್ಲ. ಮರುದಿನ ನಾನು ಪಾಂಡವಪುರಕ್ಕೆ ಹೋದಾಗ ಕಂಪ್ಯೂಟರಿನಿಂದ ಒಂದು ಪಟ್ಟಿ ಬರೆದುಕೊಂಡು ಕೂತಿದ್ದ. ಕೇಂದ್ರದಲ್ಲಿ ಹೆಸರಿದ್ದ ಹುಡುಗಿಯರಲ್ಲಿ 'ಷರತ್ತು ಏನೂ ಇಲ್ಲ' ಎಂದು ಬರೆಸಿದವರು ಎಷ್ಟು ಜನ ಎಂದು ಹುಡುಕಿದ್ದ. ಅರವತ್ತಮೂರು. ಮುಂದೆ ಅಂಚೆ ಕಾರ್ಡುಗಳ ಕಟ್ಟು. ಒಂದೊಂದರಲ್ಲೂ ಅದೇ ಒಕ್ಕಣೆ: 'ಅರ್ಜಿ ತುಂಬಿಸುವಾಗ ನಿಮ್ಮನ್ನು ಕೇಳುವುದು ಬಿಟ್ಟುಹೋಗಿತ್ತು. ನಿಮ್ಮದೇನಾದರೂ ಮಾತಿದ್ದರೆ ದಯವಿಟ್ಟು ತಿಳಿಸಿ.'

ಅವನ ಅಕ್ಷರ ಕೋಳಿ ಕೆದರಿದಂತೆ. ನಾನು ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಕೂತು ವಿಳಾಸಗಳನ್ನು ಬರೆದೆ.

ಹದಿನೈದು ದಿನದೊಳಗೆ ಉತ್ತರಗಳು ಬರತೊಡಗಿದವು. ಮೊದಲು ಬಂದದ್ದು ಶೀಳನೆರೆಯ ಹತ್ತಿರದ ಒಂದು ಹಳ್ಳಿಯಿಂದ. ಪೆನ್ಸಿಲಿನಲ್ಲಿ, ಗೆರೆ ಎಳೆದುಕೊಂಡು ಬರೆದ ಅಕ್ಷರ. 'ಸಾರ್, ನನ್ನದು ಏನೂ ಮಾತಿಲ್ಲ. ಆದರೆ ನನ್ನ ಹೆಸರಿಗೆ ಕಾಗದ ಬಂದದ್ದು ಇದೇ ಮೊದಲು. ಅದಕ್ಕೆ ಬರೆದೆ.'

ಬಾಮೈದ ಅದನ್ನು ಎರಡು ಸಲ ಓದಿದ. ಆ ದಿನ ಅವನು ಕಂಪ್ಯೂಟರು ಹಾಕಲಿಲ್ಲ.